ಸಂಕಷ್ಟಿಯ ಮರುದಿನ, ದಿವೇಆಗರದ ದಂಡೆಗೆ

ಕೋಥರೂಡ, ಪುಣೆ
ಮಾಘ ಬಹುಳ ಚತುರ್ಥಿ

ಪ್ರೀತಿಯ ಅಣ್ಣನಿಗೆ,

ನಾಳೆ ರಾತ್ರಿಯಿಡೀ ದಿವೇಆಗರದ ದಂಡೆಯಲ್ಲಿ ಗಾಳ ಹಾಕುವುದೆಂದು ನಿಶ್ಚಯವಾಗಿದೆ. ಘಟ್ಟದ ಮೇಲಿನ ಪುಣೆಯಲ್ಲಿ ಕೂತವನಿಗೆ ಸಮುದ್ರ ಎಲ್ಲಿಂದ ಬಂತು ಎಂದು ಅಮ್ಮ ಕೇಳುತ್ತಾಳೆ, ಹೇಳಿಬಿಡು. ಸ್ವಾರಗೇಟಿನಲ್ಲಿ ಎಸ್‌ಟಿ ಬಸ್ ಹತ್ತಿದರೆ ಮುಳಶಿಯ ಅಣೆಕಟ್ಟು ದಾಟಿ, ತಾಮ್ಹಿಣಿ ಘಟ್ಟ ಇಳಿದು, ಮಾಣಗಾಂವಕ್ಕೆ ಬರುತ್ತೇವೆ. ಅಲ್ಲಿ ಅಡ್ಡ ಸಿಗುವುದು ನಮ್ಮ ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಹೋಗುವ ಅದೇ 66ನೇ ಹೆದ್ದಾರಿ. ಆಮೇಲೆ ಮ್ಹಸಳಾ, ಬೋರ್ಲಿ, ದಿವೇಆಗರ. ಪುಣೆಗೂ ಆ ಕರಾವಳಿಗೂ ನಂಟು ಹಳೆಯದು. 1713ರಲ್ಲಿ ಪೇಶ್ವೆಯಾದ ಬಾಳಾಜಿ ವಿಶ್ವನಾಥ ದಿವೇಆಗರದ ಪಕ್ಕದ ಶ್ರೀವರ್ಧನದವನು. ಅವನ ಮಗ ಬಾಜೀರಾವ್ 1730ರಲ್ಲಿ ಇಲ್ಲಿ ಶನಿವಾರವಾಡೆ ಕಟ್ಟಿಸಲು ಶುರು ಮಾಡಿದ.

ಜೊತೆಗೆ ಬೆಳಗಾವಿಯ ಗೆಳೆಯನಿದ್ದಾನೆ. ರಾತ್ರಿಯ ಸಮುದ್ರವನ್ನು ಅವನು ಕಂಡಿಲ್ಲ. ಹಾಗಾಗಿ ಈ ಸಲದ ತಯಾರಿಯಲ್ಲಿ ಒಂದು ಕೂದಲೆಳೆಯೂ ಬಿಡಬಾರದೆಂದು ಕೂತಿದ್ದೇನೆ. ಬಸ್ಸಿಳಿದ ಮೇಲೆ ಎಲ್ಲವೂ ಕಾಲ್ನಡಿಗೆ. ಪ್ರವಾಸಿಗಳ ಗದ್ದಲ ಬಿಟ್ಟು, ಗಾಳಿಮರಗಳ ಸಾಲಿನ ಪಕ್ಕ ದಂಡೆಯ ಕೊನೆಯವರೆಗೆ ಮರಳಿನಲ್ಲಿ ಹೋಗಬೇಕು. ಕಾರಿದ್ದವರು ಬೇಕೋ ಬೇಡವೋ ಎಲ್ಲವನ್ನೂ ತುಂಬಿಕೊಂಡು ಹೋಗುತ್ತಾರೆ. ನಡೆಯುವವನು ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ತೂಗಬೇಕು. ನನಗೆ ಈ ತೂಗುವ ಕೆಲಸವೇ ಮೀನು ಹಿಡಿಯುವುದರ ಅರ್ಧ ಸುಖ.

ದಿನ ಗೊತ್ತುಮಾಡಿದ್ದು ಕಾಲನಿರ್ಣಯ ಕ್ಯಾಲೆಂಡರ್ ನೋಡಿ. ಕೊಂಕಣದ ಕೋಳಿ ಸಮುದಾಯದ ಮೀನುಗಾರರು ಭರತಿಯ ವೇಳೆಯನ್ನು ತಿಥಿಯಿಂದಲೇ ಲೆಕ್ಕ ಹಾಕುತ್ತಾರೆ: ತಿಥಿಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ನೀರು ತುಂಬುತ್ತದೆ. ಅಷ್ಟಮಿಗೆ ಆರು ಗಂಟೆ, ಹುಣ್ಣಿಮೆ ಅಮಾವಾಸ್ಯೆಗೆ ಹೆಚ್ಚುಕಡಿಮೆ ಹನ್ನೆರಡು. ನಾಳೆ ಪಂಚಮಿ. ಐದರ ಮುಕ್ಕಾಲು ಮೂರೂ ಮುಕ್ಕಾಲು. ಅಂದರೆ ಮಧ್ಯಾಹ್ನ ಒಮ್ಮೆ ತುಂಬಿ, ರಾತ್ರಿ ಹತ್ತರ ಸುಮಾರಿಗೆ ತಳಕ್ಕಿಳಿದು, ಬೆಳಗಿನ ಜಾವದವರೆಗೆ ಏರುತ್ತಲೇ ಇರುತ್ತದೆ. ಹತ್ತೂವರೆಯ ಹೊತ್ತಿಗೆ ಚಂದ್ರ ಬರುತ್ತಾನೆ. ಏರುವ ನೀರು, ಮೂಡುವ ಬೆಳಕು, ಎರಡೂ ಒಟ್ಟಿಗೆ ಸಿಗುವ ಇಂಥ ರಾತ್ರಿ ತಿಂಗಳಲ್ಲಿ ಕೆಲವೇ. ಸಂಜೆಯ ಇಳಿತದಲ್ಲಿ ಇನ್ನೊಂದು ಲಾಭವಿದೆ. ನೀರು ಸರಿದಾಗ ಮರಳಿನ ದಿಬ್ಬ ಯಾವುದು, ಹೊಂಡ ಯಾವುದು, ನೀರು ವಾಪಸು ಹರಿಯುವ ಓಣಿ ಯಾವುದು ಎಂದು ಕಣ್ಣಾರೆ ಕಾಣುತ್ತದೆ. ಕತ್ತಲಾಗುವ ಮೊದಲೇ ಅದನ್ನು ಓದಿಟ್ಟುಕೊಳ್ಳಬೇಕು. ರಾತ್ರಿ ನೀರೇರಿದಾಗ ಮೀನು ಮೇಯಲು ಬರುವುದು ಆ ಹೊಂಡಗಳಿಗೇ. ಕಾಲಿಟ್ಟವನನ್ನು ಎಳೆದೊಯ್ಯುವುದೂ ಆ ಓಣಿಗಳೇ.

ನಮ್ಮ ಕಡೆಯ ಲೆಕ್ಕ ಇಲ್ಲಿ ಹಿಡಿಯಬಾರದು. ಕಾರವಾರದಲ್ಲಿ ದೊಡ್ಡ ಭರತಿಯೆಂದರೂ ನೀರು ಎರಡು ಮೀಟರಿನ ಆಸುಪಾಸು ಏರಿಳಿಯುತ್ತದೆ. ಉತ್ತರಕ್ಕೆ ಹೋದಷ್ಟೂ ಅದು ಹೆಚ್ಚು. ಮುಂಬಯಿಯಲ್ಲಿ ದೊಡ್ಡ ಭರತಿಗೆ ನಾಲ್ಕು ಮೀಟರು ದಾಟುವುದುಂಟು. ದಂಡೆ ಚಪ್ಪಟೆಯಾಗಿದ್ದರೆ ಏರುವ ನೀರು ಬೆನ್ನ ಹಿಂದಿನ ತಗ್ಗನ್ನು ಮೊದಲು ತುಂಬುತ್ತದೆ. ಅದಕ್ಕೇ ಹೋದ ಕೂಡಲೇ ನೀರಿನ ಅಂಚಿಗೊಂದು ಕೋಲು ನೆಡುವುದು, ಸಾಮಾನನ್ನೆಲ್ಲ ಒಣಮರಳಿನಲ್ಲೇ ಇಡುವುದು, ಮೊಣಕಾಲಿನ ಮೇಲೆ ನೀರಿಗೆ ಇಳಿಯದಿರುವುದು. ಈ ಮೂರನ್ನು ಗೆಳೆಯನಿಂದ ಬಾಯಿಪಾಠ ಮಾಡಿಸಿದ್ದೇನೆ.

ಗಳದ ಸಂಗತಿ ನೀನು ಕೇಳಿಯೇ ಕೇಳುತ್ತೀ. ಹದಿಮೂರು ಅಡಿಯದು, ಆದರೆ ಮೂರು ತುಂಡಿನದು. ಎರಡು ತುಂಡಿನದಾದರೆ ಒಂದೊಂದೂ ಆರಡಿ ದಾಟಿ ಬಸ್ಸಿನಲ್ಲಿ ಇಡಲು ಜಾಗವಿಲ್ಲ. ಮುಖ್ಯ ದಾರ ತೆಳು, ಸೀಸದ ಕಡೆಯ ಒಂದಷ್ಟು ಮಾರು ದಪ್ಪ. ಆ ದಪ್ಪ ದಾರವಿಲ್ಲದೆ ಜೋರಾಗಿ ಬೀಸಿದರೆ ದಾರ ತುಂಡಾಗಿ ಸೀಸ ಯಾರ ತಲೆಗೆ ಹೋಗುತ್ತದೋ ಹೇಳಲಾಗದು. ತೂಕದ ದೊಡ್ಡ ಶತ್ರುವೂ ಸೀಸವೇ. ನೂರು ನೂರಿಪ್ಪತ್ತೈದು ಗ್ರಾಮಿನ ಗುಂಡುಗಳು ಹತ್ತಿದ್ದರೆ ಒಂದು ಕಿಲೋ ಆಯಿತು. ನಾನು ನಾಲ್ಕೇ ಇಟ್ಟು, ಉಳಿದದ್ದಕ್ಕೆ ಹಳೆ ಲುಂಗಿಯ ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದಿದ್ದೇನೆ. ದಂಡೆಯ ಮರಳು ತುಂಬಿ ಕಟ್ಟಿದರೆ ಹತ್ತಿರದ ಹೊಂಡಕ್ಕೆ ಅಷ್ಟೇ ಸಾಕು. ದಾರ ಕಡಿದು ಹೋದರೂ ಸಮುದ್ರದ ತಳದಲ್ಲಿ ಸೀಸ ಉಳಿಯುವುದಿಲ್ಲ.

ಗಾಳಕ್ಕೆ ಸಿಕ್ಕಿಸುವ ಶೆಟ್ಲಿಯನ್ನು (ಸಿಗಡಿ) ಗಣೇಶ ಪೇಠದ ಮಾರುಕಟ್ಟೆಯಿಂದ ತಂದಿದ್ದೇನೆ. ಸಿಪ್ಪೆ ಸುಲಿದು, ಹರಳುಪ್ಪು ಹಾಕಿ, ನೀರು ಬಸಿದು ಕಾಗದದಲ್ಲಿ ಸುತ್ತಿದ್ದಾಗಿದೆ. ಉಪ್ಪು ಕುಡಿದ ಶೆಟ್ಲಿ ಗಟ್ಟಿಯಾಗುತ್ತದೆ, ಬೀಸಿದಾಗ ಕೊಕ್ಕೆಯಿಂದ ಕಳಚುವುದಿಲ್ಲ, ಮಂಜುಗಡ್ಡೆ ಹೊರುವುದೂ ತಪ್ಪುತ್ತದೆ. ಸಂಕಷ್ಟಿಯ ದಿನ ಮನೆಯಲ್ಲಿ ಶೆಟ್ಲಿ ಸುಲಿದದ್ದು ಅಮ್ಮನಿಗೆ ಸರಿಬರದು, ಆ ಮಾತು ಅವಳಿಗೆ ಬೇಡ. ಮಂಜುಗಡ್ಡೆ ಇಲ್ಲದ್ದರಿಂದ ರಾತ್ರಿ ಬಿದ್ದ ಮೀನನ್ನೆಲ್ಲ ವಾಪಸು ಬಿಡುವುದು, ಬೆಳಗಿನ ಜಾವದ್ದನ್ನು ಮಾತ್ರ ಇಟ್ಟುಕೊಳ್ಳುವುದು ಎಂದು ಒಪ್ಪಂದ. ನನ್ನ ಆಸೆ ಕಾಣೆಯ ಮೇಲೆ. ರಾವಸ ಬಂದರೆ ಅದೃಷ್ಟ. ಹೆಚ್ಚಾಗಿ ಬೀಳುವುದು ಶೇಡೆ. ಅದರ ಮುಳ್ಳು ವಿಷ, ಇಕ್ಕಳವಿಲ್ಲದೆ ಮುಟ್ಟಬಾರದು. ತೊರಕೆಯ ಬಾಲದ ಮುಳ್ಳಂತೂ ಇನ್ನೂ ಕೆಟ್ಟದ್ದು. ಅದರ ವಿಷ ಬಿಸಿಗೆ ಕುಗ್ಗುತ್ತದೆಯಾದ್ದರಿಂದ, ಚಹಾಕ್ಕೆಂದು ಒಯ್ಯುವ ಬಿಸಿನೀರಿನ ಫ್ಲಾಸ್ಕುಗಳಲ್ಲಿ ಒಂದನ್ನು ಬೆಳಗಿನವರೆಗೆ ಮುಟ್ಟದೆ ಇಡುತ್ತೇವೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಲ್ಲಿ ಪಾದ ಅದ್ದಿಟ್ಟುಕೊಂಡು, ಆಮೇಲೆ ಆಸ್ಪತ್ರೆ. ಕುಡಿಯುವ ನೀರು ತಲೆಗೆ ನಾಲ್ಕು ಲೀಟರು. ಅದರಲ್ಲಿ ಮಾತ್ರ ತೂಕ ನೋಡಲಿಲ್ಲ.

ತಲೆದೀಪಕ್ಕೆ ಕೆಂಪು ಕಾಗದ ಅಂಟಿಸಿದ್ದೇನೆ. ಈ ತಿಂಗಳುಗಳಲ್ಲಿ ನಮ್ಮ ಕಾಸರಕೋಡಿನ ಟೊಂಕದ ಹಾಗೆ ಆ ದಂಡೆಗೂ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಬಿಳಿ ಬೆಳಕು ಕಂಡರೆ ತಾಯಾಮೆ ಹಿಂದಿರುಗುತ್ತದೆ, ಮರಿಗಳು ದಾರಿ ತಪ್ಪಿ ಭೂಮಿಯ ಕಡೆ ತೆವಳುತ್ತವೆ. ಒಂದು ರಾತ್ರಿಯ ನಮ್ಮ ಸಂತೋಷಕ್ಕೆ ಅದು ಆಗಕೂಡದು. ಆಮೆ ಕಂಡರೆ ಗಾಳ ಸುತ್ತಿಕೊಂಡು ದೂರ ಸರಿಯುವುದೆಂದು ತೀರ್ಮಾನ.

ಇನ್ನೊಂದು ಮುಖ್ಯ ಮಾತು. ದಿವೇಆಗರಕ್ಕೂ ಶ್ರೀವರ್ಧನಕ್ಕೂ ನಡುವೆ ಶೇಖಾಡಿ ಎಂಬ ಊರಿದೆ. 1993ರ ಮುಂಬಯಿ ಸ್ಫೋಟಗಳ ಆರ್‌ಡಿಎಕ್ಸ್ ಇಳಿದದ್ದು ಆ ದಂಡೆಯಲ್ಲಿ. 2022ರ ಆಗಸ್ಟಿನಲ್ಲಿ ಹರಿಹರೇಶ್ವರದ ಹತ್ತಿರ ಜನವಿಲ್ಲದ ದೋಣಿಯೊಂದು ತೇಲಿಬಂದು, ಅದರಲ್ಲಿ ಎಕೆ-47 ಬಂದೂಕುಗಳು ಸಿಕ್ಕಿದ್ದವು. ನಡುರಾತ್ರಿ ದಂಡೆಯಲ್ಲಿ ದೀಪ ಕಂಡರೆ ಅಲ್ಲಿನ ಜನ ಬಂದು ಕೇಳುತ್ತಾರೆ, ಕೇಳಲೇಬೇಕು. ನಾವು ಮೊದಲು ಪೊಲೀಸ್ ಠಾಣೆಗೆ ಹೋಗಿ ಹೆಸರು, ಜಾಗ ಹೇಳಿ, ಆಮೇಲೆ ಕೋಳಿವಾಡೆಯ ಹಿರಿಯರನ್ನು ಕಂಡು, ಅವರ ಬಲೆ ಎಲ್ಲಿದೆಯೆಂದು ತಿಳಿದುಕೊಂಡೇ ದಂಡೆಗಿಳಿಯುತ್ತೇವೆ. ಆ ನೀರಿನಿಂದ ಹೊಟ್ಟೆ ಹೊರೆಯುವವರು ಅವರು, ನಾವು ಒಂದು ರಾತ್ರಿಯ ಅತಿಥಿಗಳು. ಅವರು ಬೇಡವೆಂದ ಕಡೆ ಗಾಳ ಹಾಕುವುದಿಲ್ಲ.

ಕಾಗದ ತಲುಪುವುದು ತಡವಾದೀತೆಂದು ಇದರ ಫೋಟೋ ನಿನ್ನ ಫೋನಿಗೆ ಈಗಲೇ ಕಳಿಸುತ್ತಿದ್ದೇನೆ. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಕರೆ ಮಾಡುತ್ತೇನೆ. ಒಂಬತ್ತಾದರೂ ಕರೆ ಬರದಿದ್ದರೆ, ಮೊದಲು ನಾವು ಚೀಲ ಇಡುವ ಮನೆಯವರಿಗೆ ಫೋನ್ ಮಾಡು, ನಂಬರು ಫೋಟೋದ ಜೊತೆಗಿದೆ. ಅಲ್ಲಿಯೂ ಸುದ್ದಿ ಇಲ್ಲದಿದ್ದರೆ ಕಾಯಬೇಡ, ರಾಯಗಡ ಜಿಲ್ಲೆಯ ಪೊಲೀಸರನ್ನು ಸಂಪರ್ಕಿಸಿ ದಿವೇಆಗರದ ದಂಡೆಯ ಕೊನೆ ಎಂದು ಹೇಳು.

ನಿನ್ನ ತಮ್ಮ