ಕೇಳದೆ ತೆಗೆದ ಮುಖ

ನನಗೆ ಬಹುಮಾನ ತಂದುಕೊಟ್ಟ ಚಿತ್ರವೊಂದನ್ನು ಈಗ ನಾನು ಯಾರಿಗೂ ತೋರಿಸುವುದಿಲ್ಲ. ಅರಸೀಕೆರೆ ಹತ್ತಿರದ ತೋಟವೊಂದರಲ್ಲಿ ತೆಗೆದದ್ದು. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಮಟ್ಟೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ಎತ್ತುತ್ತಿದ್ದರು. ಶೀಟಿನ ಮನೆ, ಪೂರ್ವಕ್ಕೆ ಒಂದೇ ಬಾಗಿಲು. ಬೆಳಗಿನ ಬಿಸಿಲು ನೇರವಾಗಿ ಮುಖಕ್ಕೆ ಬೀಳದೆ, ಬಾಗಿಲ ಬಳಿಯ ಮಟ್ಟೆ ರಾಶಿಗೆ ತಾಗಿ, ತುಸು ಕೆಂಪಾಗಿ ಒಳಗೆ ಹರಡಿತ್ತು. ನಾರಿನ ದೂಳು ಗಾಳಿಯಲ್ಲೇ ನಿಂತಿತ್ತು. ಅಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ಕೂತಿದ್ದರು. ಹುಬ್ಬಿನ ಮೇಲೆಲ್ಲ ದೂಳು. ಕತ್ತಿಯ ಏಟು ಕರಟಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ತುಟಿ ಬಿಗಿಯುತ್ತಿತ್ತು. ಬಾಗಿಲಾಚೆ ನಿಂತು ದೂರದ ಲೆನ್ಸಿನಲ್ಲಿ ತೆಗೆದೆ. ಅವರು ಒಮ್ಮೆ ತಲೆಯೆತ್ತಿ ನೋಡಿ, ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಅದನ್ನೂ ತೆಗೆದೆ. ಕೇಳಿದರೆ ಸಹಜತೆ ಕೆಡುತ್ತದೆ ಎಂದು ಗಟ್ಟಿಯಾಗಿ ನಂಬಿದ್ದ ಕಾಲ ಅದು.

ಬಹುಮಾನ ಬಂದ ಮೇಲೆ ಚಿತ್ರ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಖುಷಿಯಿಂದ ಒಂದು ಪ್ರತಿಗೆ ಕಟ್ಟು ಹಾಕಿಸಿಕೊಂಡು ಅವರ ಮನೆ ಹುಡುಕಿ ಹೋದೆ. ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟರು. ಚಿತ್ರವನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ.

"ಮಗ ಬೆಂಗಳೂರಲ್ಲವ್ನೆ. ಇನ್ಮೇಲೆ ಕೂಲಿಗೆ ಹೋಗಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಯಾರೋ ಫೋನಲ್ಲಿ ನಿನ್ ಫೋಟೊ ತೋರಿಸವ್ರೆ. ಮಾವನ ಮನೆಯೋರ ಮುಂದೆ ತಲೆ ಎತ್ತಂಗಿಲ್ಲ ಹಂಗ್ ಮಾಡ್ದೆ ಅಂತ ಮಾತು ಬಿಟ್ಟವ್ನೆ. ಕೇಳಿದ್ರೆ ಬ್ಯಾಡ ಅಂತಿದ್ದೆ ಕಣಪ್ಪ. ನೀನು ಕೇಳ್ಲೇ ಇಲ್ವಲ್ಲ."

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ, ಬೈಯಲಿಲ್ಲ. ಚಿತ್ರವನ್ನು ಎಲ್ಲ ಕಡೆಯಿಂದ ತೆಗೆಸುತ್ತೇನೆ ಎಂದು ಹೇಳಿ ಬಂದೆ. ನನ್ನ ಕೈಯಲ್ಲಿದ್ದ ಕಡೆಯಿಂದ ತೆಗೆದೆ, ಅಷ್ಟೇ. ಸಾವಿರಾರು ಮೊಬೈಲುಗಳಿಗೆ ಹೋದದ್ದನ್ನು ವಾಪಸು ತರುವ ಉಪಾಯ ಇಲ್ಲ.

ಈ ತಪ್ಪು ನನಗಿಂತ ಎಷ್ಟೋ ದೊಡ್ಡವರಿಂದಲೂ ಆಗಿದೆ. ಅಮೆರಿಕದ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಳಿ ಮಕ್ಕಳೊಂದಿಗೆ ಕೂತಿದ್ದ ತಾಯಿಯೊಬ್ಬಳ ಚಿತ್ರ ತೆಗೆದರು. ಜಗತ್ತೇ ನೋಡಿದ ಚಿತ್ರ ಅದು. ಆಕೆಯ ಹೆಸರನ್ನು ತಾನು ಕೇಳಲಿಲ್ಲ ಎಂದು ಲ್ಯಾಂಗ್ ಅವರೇ ಮುಂದೆ ಬರೆದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಗ ಆಕೆ ಹೇಳಿಕೊಂಡಳು.

ಬೇಲೂರಿಗೆ ಹೋದಾಗಲೆಲ್ಲ ಇದು ನನ್ನನ್ನು ಕಾಡುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲದ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಕನ್ನಡಿ ಹಿಡಿದು ನಿಂತವಳಿಗೆ ಯಾರ ಮುಖ ಮಾದರಿಯಾಯಿತೋ, ಅವಳ ಹೆಸರನ್ನು ಯಾರೂ ಕೆತ್ತಲಿಲ್ಲ. ಕಲ್ಲಿನ ಚೆಲುವೆಗೆ ಅದರಿಂದ ನಷ್ಟವೇನಿಲ್ಲ. ನನ್ನ ಚಿತ್ರದ ಕೆಳಗೂ ನನ್ನ ಹೆಸರೊಂದೇ ಇತ್ತು. ಅದರ ಬೆಲೆ ತೆತ್ತವರು ಮಾತ್ರ ಜೀವಂತ ತಾಯಿ.

ಕೇಳಿದರೆ ಸಹಜತೆ ಕೆಡುತ್ತದೆ ಎಂಬುದು ಅರ್ಧ ನಿಜ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹೊರಗೆ ಸೌತೆಕಾಯಿ ಮಾರುವ ಒಬ್ಬಾಕೆಯನ್ನು "ಅಕ್ಕಾ, ಒಂದು ಫೋಟೊ ತೆಗೀಲಾ?" ಎಂದು ಕೇಳಿದಾಗ, ಆಕೆ ಸೆರಗು ಸರಿಮಾಡಿಕೊಂಡು ಸೆಟೆದು ಕೂತಳು. ಒಂದು ತೆಗೆದು ತೋರಿಸಿದೆ. ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತೆ, ಸೌತೆಕಾಯಿ ತಿಂದೆ, ಊರಿನ ಮಾತಾಡಿದೆ. ನಡುಮಧ್ಯಾಹ್ನದ ಬಿಸಿಲು, ಬಯಲಲ್ಲಿ ನಿಂತವರ ಕಣ್ಣುಗುಳಿಯೆಲ್ಲ ಕಪ್ಪು. ಆದರೆ ಕೊಡೆಯ ನೆರಳಿನಲ್ಲಿ ಕೂತವಳ ಮುಖಕ್ಕೆ ನೆಲದ ಬೆಳಕು ಕೆಳಗಿನಿಂದ ಮೆತ್ತಗೆ ತಾಗುತ್ತಿತ್ತು. ಅಷ್ಟರಲ್ಲಿ ಶಾಲಾ ಮಕ್ಕಳ ಬಸ್ಸು ಬಂತು. ಉಪ್ಪು ಖಾರ ಸವರುತ್ತಾ, ಚಿಲ್ಲರೆಗೆ ಜಗಳವಾಡುತ್ತಾ, ನಗುತ್ತಾ ಆಕೆ ನನ್ನನ್ನು ಪೂರ್ತಿ ಮರೆತಳು. ಆಗ ತೆಗೆದ ಚಿತ್ರಗಳು ಕೊಬ್ಬರಿಮನೆಯ ಚಿತ್ರಕ್ಕಿಂತ ಚೆನ್ನಾಗಿವೆ. ಆಕೆಗೂ ತೋರಿಸಿದೆ. ಅವುಗಳಲ್ಲೊಂದನ್ನು "ಇದ್ ಬ್ಯಾಡ, ಹಲ್ಲು ಕಾಣ್ತದೆ" ಎಂದಳು. ಅಲ್ಲೇ ಅಳಿಸಿದೆ. ಆ ಹಲ್ಲಿನ ನಗುವೇ ಎಲ್ಲಕ್ಕಿಂತ ಚೆಂದವಿತ್ತು ಎಂಬ ಸಂಕಟ ಇದೆ, ಅಳಿಸಿದ್ದಕ್ಕೆ ವಿಷಾದವಿಲ್ಲ.

ಕೇಳಿದವರೆಲ್ಲ ಒಪ್ಪುವುದಿಲ್ಲ. ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ಹುಬ್ಬಳ್ಳಿ ರೈಲಿಗೆ ಕಾಯುವವರ ಮುಖಗಳ ಮೇಲೆ ಸಂಜೆ ಎಂಥ ಬೆಳಕು ಬೀಳುತ್ತದೆ! ಅಲ್ಲಿ ಎಷ್ಟೋ ಸಲ ಬರಿಗೈಲಿ ವಾಪಸಾಗಿದ್ದೇನೆ.

ಈ ಕಡೆ ಕ್ಯಾಮೆರಾ ಹಿಡಿದು ಬರುವ ಗೆಳೆಯರಲ್ಲಿ ಒಂದೇ ಬೇಡಿಕೆ. ಮೊದಲು ಹೆಸರು ಕೇಳಿ, ಆಮೇಲೆ ಒಪ್ಪಿಗೆ ಕೇಳಿ, ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಹೇಳಿ. ಸೆರಗು ಮುಖಕ್ಕೆ ಬಂತೆಂದರೆ ಅದೇ ಉತ್ತರ, ಕ್ಯಾಮೆರಾ ಕೆಳಗಿಳಿಸಿ.