ನಾವು ಕಟ್ಟಿದ ದೇಶ – ಬರ್ಸನಾಡಿನ ಭೂಗೋಳ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ ಎಂದರೆ ಮಳೆ. ಹೆಂಚಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಪಾಠ ಮಾಡುವವರ ಮಾತು ಎರಡನೇ ಬೆಂಚಿಗೂ ಕೇಳುವುದಿಲ್ಲ. ಇಂಥ ದಿನ ಕಲೆಕ್ಟರರು ರಜೆ ಕೊಡುತ್ತಾರೋ ಏನೋ ಎಂದು ನಮ್ಮ ಕಾಸರಗೋಡಿನ ಮಕ್ಕಳು ಬೆಳಗ್ಗೆಯೇ ಟಿ.ವಿ. ನೋಡಿಕೊಂಡು ಕಾಯುತ್ತಾರೆ. ಹೇಳಬಾರದು, ಅಧ್ಯಾಪಕರಾದ ನಾವೂ ಕಾಯುತ್ತೇವೆ! ಆ ದಿನ ರಜೆ ಸಿಗಲಿಲ್ಲ. ಪಕ್ಕದ ಕೋಣೆ ಸೋರುತ್ತಿದ್ದುದರಿಂದ ಎಂಟನೆಯವರನ್ನೂ ಒಂಬತ್ತನೆಯವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆವು. ಎರಡೂ ಸೇರಿ ಹತ್ತೊಂಬತ್ತು ಮಕ್ಕಳು. ಸಮಾಜ ವಿಜ್ಞಾನದವರು, ಗಣಿತದವರು ಎಂದು ನಾವು ಇಬ್ಬರು.

ಮಳೆಯ ದಿನ ಮಳೆಯ ಪಾಠವೇ ಇರಲಿ ಎಂದು, "ಮಳೆ ನೆರಳಿನ ಪ್ರದೇಶ ಎಂದರೇನು?" ಎಂದು ಕೇಳಿದೆವು. ಒಬ್ಬಳು ಎದ್ದು ನಿಂತು ಪುಸ್ತಕದ ಎರಡು ವಾಕ್ಯಗಳನ್ನು ಒಂದಕ್ಷರ ತಪ್ಪದೆ ಹೇಳಿದಳು. "ಸರಿ, ಮಳೆಗೆ ನೆರಳು ಹೇಗೆ ಬರ್ತದೆ?" ಎಂದು ಕೇಳಿದರೆ ಮಾತಿಲ್ಲ. ಹಿಂದಿನ ಬೆಂಚಿನ ಹುಡುಗ, "ಮೋಡ ಬಂದ್ರೆ ನೆರಳು ಆಗ್ತದಲ್ಲಾ ಟೀಚರೇ" ಎಂದ. ತರಗತಿ ಇಡೀ ನಕ್ಕಿತು. ನಮಗೆ ನಗು ಬರಲಿಲ್ಲ.

ಕಾರಣ ನಮಗೆ ಗೊತ್ತಿತ್ತು. ಹಿಂದಿನ ವರ್ಷ ಆ ಪಾಠದ ಹೊತ್ತಿಗೆ ಹುದ್ದೆ ಖಾಲಿಯಾಗಿ, ಕನ್ನಡ ಗೊತ್ತಿಲ್ಲದ ಅಧ್ಯಾಪಕರೊಬ್ಬರು ಕೆಲವು ತಿಂಗಳು ಇದ್ದರು. ಅವರನ್ನು ದೂರುವಂತಿಲ್ಲ. ಪಾಪ, ಕನ್ನಡ ಅಕ್ಷರಗಳನ್ನು ಮಕ್ಕಳಿಂದಲೇ ಕೇಳಿ ಕಲಿಯಲು ಹೊರಟವರು ಅವರು. ಆದರೆ ತರಗತಿಯಲ್ಲಿ ಆದದ್ದು ಇಷ್ಟೇ: ಪುಸ್ತಕದಲ್ಲಿದ್ದದ್ದು ಹಲಗೆಗೆ ಬಂತು, ಹಲಗೆಯಿಂದ ನೋಟಿಗೆ, ನೋಟಿನಿಂದ ಪರೀಕ್ಷೆಯ ಕಾಗದಕ್ಕೆ. ದಾರಿಯಲ್ಲಿ ಎಲ್ಲಿಯೂ "ಯಾಕೆ?" ಎಂಬ ಪ್ರಶ್ನೆ ಇರಲಿಲ್ಲ. ಕೇಳಲು ಮಕ್ಕಳಿಗೆ ಭಾಷೆ ಇತ್ತು, ಕೇಳಿಸಿಕೊಳ್ಳುವವರಿಗೆ ಇರಲಿಲ್ಲ.

ಹಾಗಾಗಿ ಪುಸ್ತಕ ಮುಚ್ಚಿಸಿದೆವು. ಚಾರ್ಟ್ ಪೇಪರುಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, "ಮಕ್ಕಳೇ, ಇಲ್ಲಿ ಒಂದು ದೇಶ ಮಾಡಿ" ಎಂದೆವು. ಎರಡೇ ಷರತ್ತು. ದೇಶ ಉಷ್ಣವಲಯದಲ್ಲಿ ಇರಬೇಕು, ಅಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ 23½ ಡಿಗ್ರಿಯ ಒಳಗೆ. ಎರಡನೆಯದು, ಏನು ಬರೆದರೂ "ಯಾಕೆ" ಎಂದು ಹೇಳಬೇಕು.

"ದೇಶವನ್ನು ನಾವೇ ಮಾಡುವುದಾ?" ಎಂದು ಒಬ್ಬನಿಗೆ ಆಶ್ಚರ್ಯ. ಪಕ್ಕದವಳು, "ನಮ್ಮ ಊರೂ ಪರಶುರಾಮ ಕೊಡಲಿ ಎಸೆದು ಮಾಡಿದ್ದಲ್ವಾ" ಎಂದು ಸಮಾಧಾನ ಹೇಳಿದಳು. ಯಕ್ಷಗಾನ ನೋಡುವ ಮತ್ತೊಬ್ಬ, ಸುತ್ತ ಹಾಲಿನ ಸಮುದ್ರ ಇರಲಿ ಎಂದ. ಹಾಲು ಆವಿಯಾದರೆ ಮೋಡ ಯಾವುದರದ್ದು ಎಂದು ಕೇಳಿದ ಮೇಲೆ ಉಪ್ಪುನೀರಿಗೇ ಒಪ್ಪಿದ.

ಹೆಸರಿಗೆ ಅರ್ಧ ಗಂಟೆ ಜಗಳ. ನಮ್ಮ ತರಗತಿ ಹೇಗೆಂದು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ. ಒಬ್ಬರ ಮನೆಯಲ್ಲಿ ತುಳು, ಒಬ್ಬರಲ್ಲಿ ಮಲಯಾಳ, ಒಬ್ಬರಲ್ಲಿ ಕೊಂಕಣಿ, ಹವ್ಯಕ, ಬ್ಯಾರಿ, ಮರಾಠಿ. ಕಡೆಗೆ ತುಳುವಿನ 'ಬರ್ಸ' ಗೆದ್ದು ದೇಶದ ಹೆಸರು 'ಬರ್ಸನಾಡು' ಆಯಿತು. ಸೋತವರಿಗೆ ಒಂದೊಂದು ನದಿಗೆ ಹೆಸರಿಡುವ ಅಧಿಕಾರ.

ಇನ್ನು ಜಾಗ. ನಾವಿರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಬರ್ಸನಾಡು ನಮಗಿಂತ ದಕ್ಷಿಣಕ್ಕೆ, 7ರಿಂದ 11 ಡಿಗ್ರಿಯವರೆಗೆ ಒಂದು ದ್ವೀಪ ಎಂದಾಯಿತು. ಗಣಿತದವರು ಬಿಡುತ್ತಾರೆಯೇ? ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದರೆ ದೇಶದ ಉದ್ದ ಎಷ್ಟು ಎಂದು ಲೆಕ್ಕ ಮಾಡಿಸಿದರು. 444 ಕಿ.ಮೀ.

ಒಬ್ಬಳಿಗೆ ಹಿಮ ಬೇಕೇ ಬೇಕು. ಉಷ್ಣವಲಯದಲ್ಲಿ ಹಿಮ ಎಲ್ಲಿಯದು ಎಂದು ಉಳಿದವರು ತಮಾಷೆ ಮಾಡಿದರು. ಆಫ್ರಿಕಾದ ಕಿಲಿಮಂಜಾರೋ ಸಮಭಾಜಕ ವೃತ್ತದಿಂದ ಬರೇ ಮೂರು ಡಿಗ್ರಿ ದಕ್ಷಿಣಕ್ಕಿದೆ, ಎತ್ತರ 5,895 ಮೀಟರ್, ತಲೆಯ ಮೇಲೆ ಈಗಲೂ ಸ್ವಲ್ಪ ಹಿಮ ಉಳಿದಿದೆ ಎಂದು ಹೇಳಿದೆವು. 1,000 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಡಲ ತೀರದಲ್ಲಿ 27 ಡಿಗ್ರಿ ಇದ್ದರೆ 5,200 ಮೀಟರಿನ ಶಿಖರದಲ್ಲಿ ಎಷ್ಟು? ಎಂಟನೆಯ ಹುಡುಗನೊಬ್ಬ ಲೆಕ್ಕ ಹಾಕಿ "ಸೊನ್ನೆಗಿಂತಲೂ ಆರೇಳು ಡಿಗ್ರಿ ಕೆಳಗೆ!" ಎಂದು ಕೂಗಿದ. ಹಿಮ ಪಾಸಾಯಿತು. ಆ ಒಂದು ಶಿಖರ ಬಿಟ್ಟು ಉಳಿದ ಬೆಟ್ಟಸಾಲು 2,000 ಮೀಟರ್. ನಮ್ಮ ಪಶ್ಚಿಮ ಘಟ್ಟದ ಹಾಗೆಯೇ ಪಶ್ಚಿಮ ತೀರಕ್ಕೆ ಹತ್ತಿರ, ಕಡಲಿನಿಂದ 40 ಕಿ.ಮೀ. ಒಳಗೆ. ಪೂರ್ವದ ಕಡಲು ಅಲ್ಲಿಂದ 160 ಕಿ.ಮೀ. ದೂರ.

ಪ್ರತಿಯೊಬ್ಬರೂ ತಮ್ಮ ಮನೆ ಗುರುತು ಮಾಡಿದರು. ಮೋಡದ ನೆರಳಿನ ಹುಡುಗ ಪೂರ್ವದ ವಿಶಾಲ ಬಯಲಿನಲ್ಲಿ ದೊಡ್ಡ ಮನೆ ಬರೆದ. ಸುತ್ತ ಅಡಿಕೆ ತೋಟ, ತೆಂಗು, ಗದ್ದೆ.

ಆಮೇಲೆ ಗಾಳಿ ಬೀಸಬೇಕಾಯಿತು. ಜೂನ್ ಹೊತ್ತಿಗೆ ದಕ್ಷಿಣಾರ್ಧ ಗೋಳದ ವಾಣಿಜ್ಯ ಮಾರುತಗಳು ಸಮಭಾಜಕ ವೃತ್ತ ದಾಟಿ ಬರುತ್ತವೆ. ಭೂಮಿ ತಿರುಗುವುದರಿಂದ ಬಲಕ್ಕೆ ವಾಲಿ ನೈಋತ್ಯದ ಗಾಳಿಯಾಗುತ್ತವೆ. ಅದೇ ನಮ್ಮ ಮುಂಗಾರು. ಇದನ್ನು ಮಾತಿನಲ್ಲಿ ಹೇಳಿದರೆ ಹಳೆಯ ಕಥೆಯೇ ಆದೀತೆಂದು, ಹಲಗೆ ಒರೆಸುವ ಸ್ಪಂಜನ್ನು ಬಕೆಟಿನಲ್ಲಿ ಅದ್ದಿ ಒಬ್ಬನ ಕೈಗೆ ಕೊಟ್ಟೆವು. ನಡುವೆ ಒಂದು ಬೆಂಚು, ಅದು ಬೆಟ್ಟ. ನೀನು ಗಾಳಿ, ಕಡಲಿನಿಂದ ನೀರು ಹೊತ್ತು ಬಂದಿದ್ದಿ, ಈಗ ಬೆಟ್ಟ ಹತ್ತು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ತಣಿದ ಗಾಳಿಗೆ ಅಷ್ಟು ಆವಿಯನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಹಿಂಡು! ಅವನು ಬೆಂಚಿನ ಮೇಲೆ ನಿಂತು ಹಿಂಡಿದ. ಪಶ್ಚಿಮದ ಮನೆಗಳೆಲ್ಲ ಒದ್ದೆ. ಈಗ ಆಚೆ ಇಳಿ. ಇಳಿಯುವ ಗಾಳಿ ಬಿಸಿಯಾಗುತ್ತದೆ. ಹಿಂಡು ನೋಡುವಾ. ಎರಡು ಹನಿ.

ಆ ಎರಡು ಹನಿಗಳು ಬಿದ್ದದ್ದು ಪೂರ್ವದ ಹುಡುಗನ ಅಡಿಕೆ ತೋಟದ ಮೇಲೆ. ಅವನ ಮುಖ ನೋಡಬೇಕಿತ್ತು. "ಹಾಗಾದ್ರೆ ನನ್ನ ಮನೆಗೆ ಮಳೆಯೇ ಇಲ್ವಾ?" ಎಂದ. ಕೇಳಿದ ಹುಡುಗಿಗಿಂತಲೂ ಬೇಗ ಅವನೇ ಉತ್ತರವನ್ನೂ ಹೇಳಿದ. "ಬೆಟ್ಟ ಅಡ್ಡ ಬಂದದ್ದು. ಬಿಸಿಲಿಗೆ ಅಡ್ಡ ಬಂದ್ರೆ ನೆರಳು, ಮಳೆಗೆ ಅಡ್ಡ ಬಂದ್ರೂ ನೆರಳು."

ಇನ್ನೇನು ಬೇಕು ನಮಗೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಘಟ್ಟದ ಆಚೆ ಚಳ್ಳಕೆರೆಯ ಕಡೆ ಸುಮಾರು 500 ಮಾತ್ರ ಎಂದಾಗ ಯಾರೂ ಬರೆದುಕೊಳ್ಳಲಿಲ್ಲ, ಎಲ್ಲರೂ ತಲೆಯಾಡಿಸಿದರು. ಮಲಯಾಳದ ಮನೆಯ ಹುಡುಗಿ, "ನಮ್ಮಲ್ಲಿ ನಿಳಲ್ ಅಂತಾರೆ" ಎಂದಳು. "ನಮ್ಮಲ್ಲಿ ನಿರೆಲ್" ಎಂದ ತುಳುವಿನವ. ನೆರಳು, ನಿಳಲ್, ನಿರೆಲ್. ಹಲಗೆಯ ಮೇಲೆ ಮೂರನ್ನೂ ಒಂದರ ಕೆಳಗೆ ಒಂದು ಬರೆದೆವು. ಮುಂದೆ ಪ್ಲಸ್ ಒನ್‌ಗೆ ಹೋದಾಗ ಇದೇ ಪಾಠ ಬೇರೆ ಭಾಷೆಯಲ್ಲಿ ಬರುತ್ತದೆ. ಆಗ ಹೊಸ ಶಬ್ದವೊಂದನ್ನು ಕಲಿತರೆ ಸಾಕು, ಅರ್ಥ ಇವತ್ತಿನದೇ.

ಪೂರ್ವದ ಹುಡುಗ ಮಾತ್ರ ಮನೆ ಬದಲಿಸಲು ಒಪ್ಪಲಿಲ್ಲ. ಅವನಿಗಾಗಿ ಡಿಸೆಂಬರ್ ತಂದೆವು. ಆಗ ಗಾಳಿ ಈಶಾನ್ಯದಿಂದ ಬೀಸುತ್ತದೆ, ಪೂರ್ವದ ಕಡಲಿನ ನೀರು ಹೊತ್ತು ತರುತ್ತದೆ. ತಮಿಳುನಾಡಿನ ಕರಾವಳಿಗೆ ಅಕ್ಟೋಬರಿನಿಂದ ಡಿಸೆಂಬರ್ ತನಕ ಮಳೆ ಬರುವುದು ಹೀಗೆಯೇ. ಬಯಲಿಗೆ ಅಲ್ಪಸ್ವಲ್ಪ ಮಳೆ ಸಿಕ್ಕಿತು. ಅಡಿಕೆಗೆ ಸಾಲದು, ಒಂದು ಬೆಳೆ ಭತ್ತಕ್ಕೆ ಸಾಕು. ಅದೂ ಕೆರೆ ಕಟ್ಟಿ ನೀರು ನಿಲ್ಲಿಸಿದರೆ. ಅವನು ಕೆರೆ ಬರೆಯಲು ಶುರು ಮಾಡಿದ. ಒಂದು, ಎರಡು, ಹತ್ತು...

ಆಗ ಅಟ್ಲಾಸ್ ತೆರೆದು ಶ್ರೀಲಂಕಾ ತೋರಿಸಿದೆವು. 6ರಿಂದ 10 ಡಿಗ್ರಿ ಉತ್ತರ, ಒಳಗೆ ಎತ್ತರದ ಬೆಟ್ಟ, ನೈಋತ್ಯದ ಮೂಲೆಗೆ 2,500 ಮಿಲಿಮೀಟರಿಗಿಂತ ಹೆಚ್ಚು ಮಳೆ, ಉತ್ತರಕ್ಕೂ ಪೂರ್ವಕ್ಕೂ ಒಣ ವಲಯ. ಆ ಒಣ ವಲಯದ ತುಂಬ ಕೆರೆಗಳು. ಪೊಲೊನ್ನರುವದ ದೊಡ್ಡ ಕೆರೆಯನ್ನು 12ನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಕಟ್ಟಿಸಿದ, ಅದರ ಹೆಸರೇ ಪರಾಕ್ರಮ ಸಮುದ್ರ. ಹುಡುಗನಿಗೆ ಖುಷಿಯೋ ಖುಷಿ. ತಾನು ಯೋಚಿಸಿದ್ದನ್ನು ರಾಜನೊಬ್ಬ ಮಾಡಿದ್ದಾನಲ್ಲ!

ಚಂಡಮಾರುತದ ಮಾತು ಬಂದಾಗ ಒಬ್ಬಳು ಹೆದರಿದಳು. 2021ರ ಮೇ ತಿಂಗಳ ತೌಕ್ತೇ ಚಂಡಮಾರುತದಲ್ಲಿ ನಮ್ಮ ಕರಾವಳಿಯ ಕಡಲ್ಕೊರೆತ ಕಂಡವಳು. ಸಮಭಾಜಕ ವೃತ್ತದಿಂದ ಸುಮಾರು 5 ಡಿಗ್ರಿಯ ಒಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ, ಅಲ್ಲಿ ಭೂಮಿಯ ತಿರುಗುವಿಕೆ ಗಾಳಿಯನ್ನು ಸುಳಿಯಾಗಿಸುವಷ್ಟು ಬಲವಾಗಿ ವಾಲಿಸುವುದಿಲ್ಲ ಎಂದೆವು. "ಹಾಗಾದ್ರೆ ದೇಶವನ್ನು ಕೆಳಗೆ ತಳ್ಳುವಾ" ಎಂದರು. ತಳ್ಳಿದರೆ ಸಿಂಗಾಪುರದ ಹಾಗೆ ವರ್ಷವಿಡೀ ಸೆಖೆ, ವರ್ಷವಿಡೀ ಮಳೆ, ಬೇಸಗೆ ಮಳೆಗಾಲ ಎಂದು ಬೇರೆಯಿಲ್ಲ. ಅಲ್ಲಿಗೂ ಪೂರ್ತಿ ಭರವಸೆ ಇಲ್ಲ, 2001ರ ಡಿಸೆಂಬರಿನಲ್ಲಿ ಸಿಂಗಾಪುರದ ಹತ್ತಿರವೇ ವಾಮೈ ಎಂಬ ಚಂಡಮಾರುತ ಹುಟ್ಟಿತ್ತು. ವರ್ಷವಿಡೀ ಮಳೆ ಬಂದರೆ ಮಳೆಗೆ ರಜೆ ಯಾರೂ ಕೊಡರು ಎಂದು ಗೊತ್ತಾದ ಮೇಲೆ ದೇಶ ಇದ್ದಲ್ಲೇ ಉಳಿಯಿತು.

ಒಂದು ಊರನ್ನು ಮಾತ್ರ ಮಕ್ಕಳೇ ಅಳಿಸಿದರು. ಕಡಿದಾದ ಬೆಟ್ಟದ ಬುಡದಲ್ಲಿ, ಹೊಳೆಯ ತಿರುವಿನಲ್ಲಿ ಒಬ್ಬ ಚಂದದ ಊರು ಬರೆದಿದ್ದ. "ಅಲ್ಲಿ ಬೇಡ, ವಯನಾಡಿನ ಹಾಗೆ ಆಗ್ತದೆ" ಎಂದಳು ಒಬ್ಬಳು. 2024ರ ಜುಲೈ 30ರ ರಾತ್ರಿ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ನಡೆದದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದವರೇ. ಅಲ್ಲಿ ಒಂದು ಶಾಲೆಯೂ ಇತ್ತು. ಯಾರೂ ಏನೂ ಹೇಳಲಿಲ್ಲ. ಊರು ಬರೆದವನೇ ರಬ್ಬರ್ ತೆಗೆದುಕೊಂಡ.

ನದಿಗಳ ಸರದಿ ಬಂದಾಗ ಇನ್ನೊಂದು ವಿಷಯ ಹೊರಟಿತು. ಪಶ್ಚಿಮದ ನದಿಗಳಿಗೆ 40 ಕಿ.ಮೀ. ಓಟ, ಪೂರ್ವದವುಗಳಿಗೆ 160. ನಮ್ಮಲ್ಲೂ ಹಾಗೆಯೇ. ಚಂದ್ರಗಿರಿಯೂ ಕೊಡಗಿನಲ್ಲಿ ಹುಟ್ಟುತ್ತದೆ, ಕಾವೇರಿಯೂ ಕೊಡಗಿನಲ್ಲಿ ಹುಟ್ಟುತ್ತದೆ. ಒಂದು ನೂರು ಕಿಲೋಮೀಟರಿಗೆ ತುಸು ಮಿಕ್ಕಿ ಓಡಿ ಕಡಲು ಸೇರುತ್ತದೆ, ಇನ್ನೊಂದು 800 ಕಿ.ಮೀ. ಹರಿಯುತ್ತದೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನಾಲ್ಕೇ ತಿಂಗಳಲ್ಲಿ. ಮುರಕಲ್ಲಿನ ಗುಡ್ಡ, ಇಳಿಜಾರು, ಗಿಡ್ಡ ಹೊಳೆಗಳು. ಬಿದ್ದ ನೀರು ನಿಲ್ಲುವುದೆಲ್ಲಿ? ಮಾರ್ಚ್ ಬಂದರೆ ಶಾಲೆಯ ಬಾವಿಯ ತಳ ಕಾಣುತ್ತದೆ. "ಅಂದ್ರೆ ಮಳೆ ಬರುವ ಕಡೆಯೂ ನೀರಿಲ್ಲ, ಬಾರದ ಕಡೆಯೂ ಇಲ್ಲ" ಎಂದು ಪೂರ್ವದ ಹುಡುಗ ನಕ್ಕ. ಈಗ ನಗುವ ಸರದಿ ಅವನದು.

ಪಶ್ಚಿಮದವರು ಬಿಡಲಿಲ್ಲ. ಒಬ್ಬಳ ಅಜ್ಜ ಸುರಂಗ ತೋಡಿದವರು. ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಅಗೆಯುತ್ತಾ ಹೋಗಿ, ಮುರದೊಳಗೆ ಇಂಗಿದ ನೀರನ್ನು ಪಂಪಿಲ್ಲದೆ ಹೊರಗೆ ಹರಿಸುವ ವಿದ್ಯೆ. ಇನ್ನೊಬ್ಬನ ಮನೆಯವರು ಮಳೆ ನಿಂತ ಮೇಲೆ ತೋಡಿಗೆ ಕಲ್ಲು, ಮಣ್ಣು, ಅಡಿಕೆ ಸಲಾಕೆಯ ಕಟ್ಟ ಹಾಕುವವರು. ಬರ್ಸನಾಡಿನ ಪಶ್ಚಿಮದಲ್ಲಿ ಸುರಂಗ, ಕಟ್ಟಗಳು ಬಂದವು. ಇವು ನಮ್ಮ ಪಾಠದಲ್ಲಿ ಇರಲಿಲ್ಲ, ಮಕ್ಕಳ ಮನೆಯಲ್ಲಿ ಇದ್ದವು.

ನಾಲ್ಕು ಗಂಟೆಗೆ ಬೆಲ್ಲಾಗುವ ಮೊದಲು ಒಬ್ಬಳು ಬೆಟ್ಟದ ಸಾಲಿನ ಮೇಲೆ ಕೆಂಪು ಗೆರೆ ಎಳೆದಳು. ಏನಮ್ಮಾ ಇದು ಎಂದರೆ, "ಗಡಿ. ಎಲ್ಲಾ ದೇಶದಲ್ಲಿ ಇರ್ತದಲ್ಲಾ ಟೀಚರೇ." ಗಡಿ ಎಳೆದ ಮೇಲೆ ಶಾಲೆ ಯಾವ ಬದಿಗೆ ಎಂಬ ಪ್ರಶ್ನೆ ಬಂತು, ಯಾವ ಭಾಷೆಯ ಶಾಲೆ ಎಂಬ ಪ್ರಶ್ನೆ ಬಂತು. ಚರ್ಚೆ ಮಾಡಿ ಎರಡೂ ಬದಿಗೆ ಒಂದೊಂದು ಶಾಲೆ ಇಟ್ಟರು. ಆಗ ಮುಂದಿನ ಬೆಂಚಿನ ಎಂಟನೆಯ ಪುಟ್ಟವನು ಕೇಳಿದ: "ಟೀಚರೇ, ಈ ದೇಶದಲ್ಲಿ ಎಷ್ಟು ಮಕ್ಕಳಿದ್ರೆ ಶಾಲೆ ಮುಚ್ಚುವುದಿಲ್ಲ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ವರ್ಷ ನಮ್ಮಲ್ಲಿ ಒಂದನೇ ತರಗತಿಗೆ ಸೇರಿದವರು ನಾಲ್ಕು ಮಕ್ಕಳು. ಸ್ಟಾಫ್ ರೂಮಿನಲ್ಲಿ ತಗ್ಗಿದ ದನಿಯಲ್ಲಿ ಆಡಿದ ಮಾತು ಅವನ ಕಿವಿಗೂ ಬಿದ್ದಿದೆ ಎಂದು ನಮಗೆ ಆಗಲೇ ತಿಳಿದದ್ದು. ಎಲ್ಲದಕ್ಕೂ "ಯಾಕೆ" ಹೇಳಬೇಕೆಂದು ಷರತ್ತು ಹಾಕಿದವರು ನಾವೇ. ಅವನಿಗೆ ಮಾತ್ರ ನಮ್ಮಿಂದ ಉತ್ತರ ಹೇಳಲಾಗಲಿಲ್ಲ. "ನಿಮ್ಮ ದೇಶ ಅಲ್ವಾ ಮಗಾ, ನೀವೇ ನಿಯಮ ಮಾಡಿ" ಎಂದೆವು. ಅವನು ಶಾಲೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ: "ಒಬ್ಬ ಇದ್ದರೂ ಸಾಕು."

ಆ ನಕ್ಷೆ ಈಗಲೂ ಗೋಡೆಯಲ್ಲಿದೆ. ಮಳೆಗಾಲದ ಥಂಡಿಗೆ ಪೂರ್ವದ ಕಡಲು ಸ್ವಲ್ಪ ಬೂಸಲು ಹಿಡಿದಿದೆ. ಡಿಸೆಂಬರಿನಲ್ಲಿ ಹೆತ್ತವರು ಕೆಲವರು, ಮಕ್ಕಳು, ನಾವು ಸೇರಿ ಶಾಲೆಯ ಕೆಳಗಿನ ತೋಡಿಗೆ ಒಂದು ಸಣ್ಣ ಕಟ್ಟ ಹಾಕಿದೆವು. ಎಲ್ಲಿಗೆ ಹಾಕಿದರೆ ನೀರು ಬಾವಿಯ ಕಡೆ ಇಂಗುತ್ತದೆ ಎಂದು ತೋರಿಸಿದವಳು ಸುರಂಗದ ಅಜ್ಜನ ಮೊಮ್ಮಗಳು. ಕಲ್ಲು ಹೊತ್ತವರಲ್ಲಿ ಮೊದಲಿಗ ಪೂರ್ವದ ಹುಡುಗ. ಆ ಸಲದ ಮಾರ್ಚಿನಲ್ಲಿ ಬಾವಿಗೆ ಹಗ್ಗ ಇಳಿಸಿದಾಗ ಕೊಡಪಾನ ಕಲ್ಲಿಗೆ ಬಡಿಯಲಿಲ್ಲ, ನೀರಿಗೆ ಬಿತ್ತು.

ನಿಮ್ಮ ಶಾಲೆಯಲ್ಲಿಯೂ ಒಂದು ದೇಶ ಮಾಡಿಸಿ ನೋಡಿ. ಖರ್ಚು ನಾಲ್ಕು ಚಾರ್ಟ್ ಪೇಪರ್, ಒಂದು ಸ್ಪಂಜು. ಹೊಸೂರು, ತಾಳವಾಡಿಯ ಮಕ್ಕಳೂ ಜತ್ತ, ಅಕ್ಕಲಕೋಟೆಯ ಮಕ್ಕಳೂ ಮಾಡಿದರೆ ಬೆಟ್ಟದ ಆಚೆಯ ಕಥೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಹೇಳಿಯಾರು. ಅವರು ಆ ನೆರಳಿನಲ್ಲೇ ಇರುವವರಲ್ಲವೇ?