ಗಾಳಿ ಹಾಕಿಸುವಾಗ ಆಡಿದ ಮಾತು

ಎದುರುಗಾಳಿಯ ಬಗ್ಗೆ ವಾದಕ್ಕೆ ಕೂರುವವರು ಈಗ ಸಿಗುವುದಿಲ್ಲ. ನಾನು ಬೆಳೆದ ದಾವಣಗೆರೆಯಲ್ಲಿ ಆಷಾಢದ ಗಾಳಿ ಹಿಡಿಯಿತೆಂದರೆ ಸೈಕಲ್ ಶಾಪಿನ ಮುಂದಿನ ಬೆಂಚಿನಲ್ಲಿ ಅದೇ ಮಾತು. ಹರಿಹರಕ್ಕೆ ಹೋಗುವಾಗ ಗಾಳಿ ಎದೆಗೇ ಹೊಡೆಯುತ್ತದೆ, ಹೊಡೆಯಲಿ. ವಾಪಸ್ ಬರುವಾಗಲಾದರೂ ಅದು ಬೆನ್ನು ದೂಡಬೇಕಲ್ಲ, ಆಗಲೂ ಮುಖಕ್ಕೇ ಯಾಕೆ ಬರುತ್ತದೆ? ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ ಯಜಮಾನರೊಬ್ಬರು ಇದನ್ನು ದೇವರ ಮೇಲೆ ದೂರು ಹೇಳುವ ದನಿಯಲ್ಲಿ ಕೇಳುತ್ತಿದ್ದರು. ಪಂಚರ್ ಹಾಕಿಸಲು ಬಂದ ವಿಜ್ಞಾನದ ಮೇಷ್ಟ್ರು ಅಲ್ಲೇ ಪಾಠ ಶುರು ಮಾಡುವರು: "ಓಡೋ ಸೈಕಲ್ಲು ತನ್ನ ಗಾಳೀನ ತಾನೇ ಹುಟ್ಟಿಸುತ್ತೆ ನೋಡ್ರಿ. ಪಕ್ಕದಿಂದ ಬೀಸಿದ್ದೂ ಅದರ ಜೊತೆ ಸೇರಿ ಮುಂದಿನಿಂದ್ಲೇ ಬಂತು ಅನ್ಸುತ್ತೆ. ಬೆನ್ನಿಗೆ ಬೀಸಿದ್ದಂತೂ ಗೊತ್ತೇ ಆಗಲ್ಲ. ಅವತ್ತು ನಮ್ಮ ಕಾಲಿಗೇ ಕಸುವು ಬಂತು ಅಂದ್ಕೋತೀವಿ." ಯಜಮಾನರು ಒಪ್ಪುತ್ತಿರಲಿಲ್ಲ. ಮುಂದಿನ ಆಷಾಢಕ್ಕೆ ವಾದ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಇಂಥ ಮಾತಿನಿಂದ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ, ನಿಜ. ಆದರೆ ಊರಿನ ಅರ್ಧ ಜನ ಆ ಮಾತಿನಲ್ಲಿ ಪಾಲುದಾರರಾಗಿದ್ದರು. ಕಾಟನ್ ಮಿಲ್ಲಿನ ಕಾರ್ಮಿಕ, ಕಾಲೇಜಿನ ಲೆಕ್ಚರರ್, ಕ್ಯಾನು ತೂಗುಹಾಕಿಕೊಂಡ ಹಾಲಿನವನು, ಪೋಸ್ಟ್‌ಮನ್, ಎಲ್ಲರೂ ಒಂದೇ ಪಂಪಿಗಾಗಿ ಕಾಯಬೇಕಿತ್ತು. ಕಾಯುವಾಗ ಮಾತಾಡದೆ ಇನ್ನೇನು ಮಾಡುತ್ತಾರೆ? ಮಿಲ್ಲಿನ ಸೈರನ್ ಕೂಗಿದ ಮೇಲೆ ಪಿ.ಬಿ. ರಸ್ತೆಯ ಉದ್ದಕ್ಕೂ ಬರೀ ಸೈಕಲ್ಲು. ಅಷ್ಟು ಜನ ಒಟ್ಟಿಗೆ ಹೊರಟರೂ ಅಲ್ಲಿ ಸದ್ದು ಅಂತಿದ್ದರೆ ಮನುಷ್ಯರ ಮಾತಿನದು. ಇಬ್ಬರು ಗೆಳೆಯರು ಪಕ್ಕಪಕ್ಕ ತುಳಿಯುತ್ತ, ಮಗಳ ಮದುವೆ, ಬೋನಸ್ಸು, ಮೆಕ್ಕೆಜೋಳದ ರೇಟು ಮಾತಾಡಿಕೊಂಡು ಮನೆ ಮುಟ್ಟುತ್ತಿದ್ದರು. ಮಾತು ಮುಗಿಯದಿದ್ದರೆ ತಿರುವಿನಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ಇನ್ನಷ್ಟು ದೂರ ನಡೆಯುವುದು. ಜೊತೆಗೆ ಫ್ರೀವೀಲಿನ ಟಿಕ್ ಟಿಕ್. ಇವತ್ತು ಅದೇ ರಸ್ತೆಯಲ್ಲಿ ಎರಡು ಸೈಕಲ್ಲು ಜೋಡಿಯಾಗಿ ಹೋಗಲಿ ನೋಡೋಣ. ಹಿಂದಿನ ಹಾರ್ನು ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ.

ಶಾಪಿನ ಹಿರಿಯರನ್ನು ನಾವು ಭಾಯ್ ಅನ್ನುತ್ತಿದ್ದೆವು. ಅವರ ಹತ್ತಿರ ಎಲ್ಲ ಪ್ರಶ್ನೆಗೂ ಉತ್ತರವಿತ್ತು. ಹಿಂದಿನ ಚಕ್ರವೇ ಯಾಕೆ ಹೆಚ್ಚು ಪಂಚರ್ ಆಗುತ್ತದೆ? ಭಾರವೆಲ್ಲ ಅಲ್ಲಿ ಬೀಳುತ್ತದೆ, ಅದೊಂದು. ಮಲಗಿದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ಹೋಗಿ ಚುಚ್ಚಿಸಿಕೊಳ್ಳುತ್ತದೆ, ಅದು ಇನ್ನೊಂದು. ಮಳೆಗಾಲದಲ್ಲೇ ಯಾಕೆ ಜಾಸ್ತಿ? ಒದ್ದೆ ರಬ್ಬರು ಬೇಗ ಕುಯ್ದುಹೋಗುತ್ತದೆ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಯಾಕೆ ಅಂತ ಕೇಳಿದ ಹುಡುಗನನ್ನು ಅವರು ಕ್ಯಾರಿಯರ್ ಮೇಲೆ ಕೂರಿಸಿ, "ಈಗ ಮುಂದಿನ ಚಕ್ರ ಎತ್ತಿ ನೋಡು, ಆಮೇಲೆ ಹಿಂದಿಂದು" ಅಂತ ಇನ್ನೊಬ್ಬನ ಕೈಯಲ್ಲಿ ಎತ್ತಿಸುವರು. ಉತ್ತರ ತೋಳಿಗೇ ಗೊತ್ತಾಗುತ್ತಿತ್ತು. ನಮ್ಮ ಸೀಮೆಯಲ್ಲಿ ಮೊಳೆಗಿಂತ ಬಳ್ಳಾರಿ ಜಾಲಿಯ ಮುಳ್ಳಿನ ಕಾಟ ಹೆಚ್ಚು. ಹೊಲದ ದಾರಿಯಿಂದ ಬಂದ ಟಯರಿನ ಒಳಗಡೆ ಅವರು ಬೆರಳಾಡಿಸಿ, ಮುರಿದು ಕೂತ ಮುಳ್ಳಿನ ತುದಿಯನ್ನು ಕಣ್ಣಿಲ್ಲದೆಯೇ ಹುಡುಕುತ್ತಿದ್ದರು. ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಏಳುವ ಜಾಗ ಹಿಡಿಯುವುದು, ಇಂಕ್ ಪೆನ್ಸಿಲ್ಲಿನಿಂದ ಗುರುತು ಹಾಕುವುದು, ಅರದಿಂದ ಉಜ್ಜುವುದು, ಸಲ್ಯೂಷನ್ ಹಚ್ಚಿ ಬಾಯಿಂದ ಊದಿ ಒಣಗಿಸುವುದು; ನೋಡಿ ನೋಡಿ ಎಲ್ಲ ಹುಡುಗರಿಗೂ ಬಾಯಿಪಾಠವಾಗಿತ್ತು. ಸಲ್ಯೂಷನ್ನಿನ ಆ ವಾಸನೆ ನನ್ನ ಮಟ್ಟಿಗೆ ಬೇಸಿಗೆ ರಜೆಯ ವಾಸನೆ.

ವಾಲ್‌ಟ್ಯೂಬನ್ನು ಇವತ್ತಿನ ಮಕ್ಕಳಿಗೆ ಹೇಗೆ ವಿವರಿಸಲಿ? ಕಡ್ಡಿಯಷ್ಟು ಸಣ್ಣ ರಬ್ಬರ್ ನಳಿಕೆ, ಬೆರಳ ಗೆಣ್ಣಿನುದ್ದ. ಇಡೀ ಸೈಕಲ್ಲಿನ ಗಾಳಿ ನಿಂತಿರುವುದು ಅದರ ಮೇಲೆ. ಬಿಸಿಲಿಗೆ ಒಡೆಯುತ್ತಿತ್ತು, ಹಳತಾದರೆ ಅಂಟಿಕೊಳ್ಳುತ್ತಿತ್ತು. ಗಾಳಿ ಸೋರುತ್ತಿದೆಯೇ ಅಂತ ನೋಡಲು ನಾಲಿಗೆಗೆ ಬೆರಳು ತಾಗಿಸಿ ವಾಲ್ ಮೇಲೆ ಎಂಜಲು ಹಚ್ಚುವುದು. ಗುಳ್ಳೆ ಬಂದರೆ ಹೊಸದು ಹಾಕಬೇಕು. ದಾರಿಯಲ್ಲಿ ಯಾರಾದರೂ ಸೈಕಲ್ ತಳ್ಳುತ್ತಿದ್ದರೆ ಗುರುತಿಲ್ಲದವರೂ ನಿಲ್ಲಿಸಿ, "ಪಂಚರ್ರಾ, ವಾಲ್‌ಟ್ಯೂಬಾ?" ಎಂದು ಕೇಳಿ, ಜೇಬಿನಿಂದ ಒಂದು ತುಂಡು ತೆಗೆದುಕೊಟ್ಟು ಹೋಗುತ್ತಿದ್ದರು. ಕೊಟ್ಟವರ ಹೆಸರು ಯಾರೂ ಕೇಳುತ್ತಿರಲಿಲ್ಲ.

ಕಂಪನಿಯ ವಿಷಯಕ್ಕೆ ಬಂದರೆ ಬೆಂಚು ಎರಡು ಪಾಲಾಗುತ್ತಿತ್ತು. ಹರ್ಕ್ಯುಲಿಸ್ ಗಟ್ಟಿ, ಅಟ್ಲಾಸ್ ಹಗುರ, ಹೀರೋದ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ರ್‍ಯಾಲಿಯ ಓಟವೇ ಬೇರೆ. ಒಬ್ಬೊಬ್ಬರದು ಒಂದೊಂದು ಪಕ್ಷ. ಹ್ಯಾಂಡಲ್ ಕೆಳಗಿನ ಬಿಲ್ಲೆ ಓದಿ ಓದಿ ನಮಗೆ ಲುಧಿಯಾನ, ಸೋನಿಪತ್, ಮದ್ರಾಸು, ಆಸನ್‌ಸೋಲ್ ಎಲ್ಲಿವೆ ಅಂತ ಭೂಗೋಳದ ಮೇಷ್ಟ್ರಿಗಿಂತ ಮೊದಲೇ ತಿಳಿದಿತ್ತು. ಹರ್ಕ್ಯುಲಿಸ್ ಮಾಡುವ ಮದ್ರಾಸಿನ ಟಿಐ ಕಂಪನಿ 1949ರದು, ಸೋನಿಪತ್ತಿನ ಅಟ್ಲಾಸ್ 1951ರದು, ಲುಧಿಯಾನದ ಹೀರೋ 1956ರದು. ಸ್ವಾತಂತ್ರ್ಯ ಬಂದ ಹತ್ತು ವರ್ಷದೊಳಗೆ ಇಷ್ಟೊಂದು ಚಕ್ರಗಳು ತಿರುಗತೊಡಗಿದ್ದವು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ವಿಶ್ವ ಬೈಸಿಕಲ್ ದಿನ ಅಂತ ಜಗತ್ತು ಆಚರಿಸುವುದೂ ಅದೇ ಜೂನ್ 3ರಂದು. ಆ ಸುದ್ದಿ ಓದಿದ ಬೆಳಿಗ್ಗೆ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪನ ಸೈಕಲ್ಲಿನ ಬಾರಿಗೆ ಟವಲ್ ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಅಮ್ಮ ಹಿಂದೆ ಕ್ಯಾರಿಯರ್ ಮೇಲೆ, ಸೆರಗನ್ನು ಮಡಿಲಿಗೆ ಸಿಕ್ಕಿಸಿಕೊಂಡು, ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು. ಅಪ್ಪನ ಮಾತು ನೆತ್ತಿಯ ಮೇಲಿಂದ ಕೇಳುತ್ತಿತ್ತು, ಏರು ಬಂದಾಗ ಅವರ ಉಸಿರು ಕೂಡ. ಎರಡನೇ ಆಟದ ಸಿನಿಮಾ ಬಿಟ್ಟ ಮೇಲೆ ಡೈನಮೋ ಒತ್ತಿ ಟಯರಿಗೆ ತಾಗಿಸುವರು. ಜೋರಾಗಿ ತುಳಿದರೆ ಬೆಳಕು ಬೆಳ್ಳಗೆ, ಏರಿನಲ್ಲಿ ಕೆಂಪಗೆ, ನಿಂತರೆ ಕತ್ತಲೆ. ದಾರಿ ಕಾಣದ ಕಡೆಯೇ ಮೆಲ್ಲಗೆ ಹೋಗಬೇಕು, ಮೆಲ್ಲಗೆ ಹೋದರೆ ದಾರಿ ಕಾಣುವುದಿಲ್ಲ. ಡೈನಮೋದ ಈ ವಿಚಿತ್ರ ಸ್ವಭಾವವೂ ಬೆಂಚಿನ ಮೇಲೆ ಎಷ್ಟೋ ಸಲ ಚರ್ಚೆಗೆ ಬಂದಿದೆ. ದೀಪವಿಲ್ಲದೆ ಸಿಕ್ಕರೆ ಪೊಲೀಸರು ವಾಲ್ ಬಿಚ್ಚಿ ಗಾಳಿ ಬಿಡುತ್ತಿದ್ದರು. ಡಬಲ್ ರೈಡಿಗೂ ಅದೇ ಶಿಕ್ಷೆ. ಹಾಗಾಗಿ ಎದುರಿಗೆ ಬರುವ ಅಪರಿಚಿತ ಸವಾರ "ಮುಂದೆ ನಿಂತಾರೆ, ಇಳೀರಿ" ಅಂತ ಹೇಳುತ್ತಲೇ ದಾಟುವನು. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ನಗರಸಭೆಯಿಂದ ಬಿಲ್ಲೆ ತರಬೇಕಿತ್ತು. ಹಳೆಯ ವರ್ಷದ ಬಿಲ್ಲೆಗಳು ನಮ್ಮ ಆಟದ ನಾಣ್ಯಗಳಾದವು.

ಇಷ್ಟೆಲ್ಲದರ ನಡುವೆ ನನಗೆ ತುಂಬ ನೆನಪಾಗುವುದು ನಿಧಾನ ಸೈಕಲ್ ಸ್ಪರ್ಧೆ. ಆಗಸ್ಟ್ 15ಕ್ಕೋ ಗಣೇಶನ ಹಬ್ಬಕ್ಕೋ ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ನೆಲಕ್ಕೆ ಕಾಲು ತಾಗಬಾರದು, ಗೆರೆ ದಾಟಬಾರದು, ಎಲ್ಲರಿಗಿಂತ ಕೊನೆಗೆ ಮುಟ್ಟಿದವನಿಗೆ ಮೊದಲ ಬಹುಮಾನ. ಮಿಲ್ಲಿನ ನಡುವಯಸ್ಸಿನ ಕಾರ್ಮಿಕರು ಇದರಲ್ಲಿ ಕಾಲೇಜು ಹುಡುಗರನ್ನು ಸಲೀಸಾಗಿ ಸೋಲಿಸುತ್ತಿದ್ದರು. ಹ್ಯಾಂಡಲನ್ನು ಅತ್ತಿತ್ತ ಚೂರೇ ಅಲುಗಿಸುತ್ತ, ಬ್ರೇಕು ಹಿಡಿದು ಬಿಟ್ಟು, ಒಂದೇ ಜಾಗದಲ್ಲಿ ನಿಂತೇಬಿಡುತ್ತಿದ್ದರು. ಸಾವಿರ ಜನ ಉಸಿರು ಬಿಗಿಹಿಡಿದು, ಒಬ್ಬ ಮನುಷ್ಯ ಮುಂದಕ್ಕೆ ಹೋಗದಿರುವುದನ್ನು ನೋಡುತ್ತಿದ್ದ ಆ ಹೊತ್ತು ನನಗೆ ಈಗಲೂ ಬೆರಗು. ಆಮೇಲೆ ನಾನ್‌ಸ್ಟಾಪ್ ಸೈಕಲ್ಲಿನವರು ಬರುತ್ತಿದ್ದರು. ಏಳು ಹಗಲು ಏಳು ರಾತ್ರಿ ಮೈದಾನದಲ್ಲಿ ಸುತ್ತು. ಸೈಕಲ್ ಮೇಲೆಯೇ ಸ್ನಾನ, ಊಟ, ಕೊರಳಿಗೆ ನೋಟಿನ ಹಾರ, ಮೈಕಿನಲ್ಲಿ ರಾಜಕುಮಾರರ ಹಾಡು. ನಿದ್ದೆ ಯಾವಾಗ ಮಾಡ್ತಾನೆ ಅನ್ನುವ ಒಂದೇ ಪ್ರಶ್ನೆ ಇಡೀ ಊರನ್ನು ವಾರಗಟ್ಟಲೆ ಮಾತಿನಲ್ಲಿ ಇಟ್ಟಿರುತ್ತಿತ್ತು.

ಈಗಲೂ ಸೈಕಲ್ಲಿದೆ, ಮೊದಲಿಗಿಂತ ಚೆಂದದ್ದು. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಹಾದಿಯಲ್ಲಿ ನಿಂತರೆ ಹೆಲ್ಮೆಟ್ಟು, ಗೇರು, ಮಿಂಚುವ ದೀಪಗಳ ಸಾಲೇ ಕಾಣುತ್ತದೆ. 2008ರಿಂದ ಟೂರ್ ಆಫ್ ನೀಲ್‌ಗಿರೀಸ್ ಎಂಬ ಸೈಕಲ್ ಯಾತ್ರೆ ನಡೆದಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸುವ ಬ್ರೆವೆಗಳಿಗೆ ಐವತ್ತು ದಾಟಿದವರೂ ಹೋಗುತ್ತಾರೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಹೆಸರಿನ ಬಾಡಿಗೆ ಸೈಕಲ್ ಬಂತು. ಗಂಟೆಗೆ ನಾಲ್ಕಾಣೆ ಕೊಟ್ಟು ಒಳಪೆಡಲ್ ಹೊಡೆದು ಕಲಿತ ನನ್ನಂಥವರಿಗೆ ಅದು ಸಂತೋಷದ ಸುದ್ದಿಯೇ. ಎಲ್ಲಕ್ಕಿಂತ ದೊಡ್ಡ ಮಾತು, ಆ ಸವಾರರಲ್ಲಿ ಹೆಣ್ಣುಮಕ್ಕಳು ಇದ್ದಾರೆ. ನಮ್ಮ ಬೆಂಚಿನ ಮೇಲೆ ಅವರಿಗೆ ಜಾಗವಿರಲಿಲ್ಲ. ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ತಪ್ಪಾಗುತ್ತದೆ.

ಆದರೂ ಒಂದು ಕೊರಗು. ಈ ಹೊಸ ಸವಾರರು ಗುಂಪಿನಲ್ಲಿ ಹೋಗುತ್ತಾರೆ, ಕಿವಿಯಲ್ಲಿ ಹಾಡು ತುಂಬಿಕೊಂಡಿರುತ್ತಾರೆ. ನಿಂತಾಗ ಆಡುವ ಮಾತೆಲ್ಲ ಅಂಕಿಯದು: ಎಷ್ಟು ಕಿಲೋಮೀಟರು, ಸರಾಸರಿ ಎಷ್ಟು, ಎದೆಬಡಿತ ಎಷ್ಟು. ಎದುರುಗಾಳಿ ಇತ್ತೇ ಎಂದು ಫೋನು ಹೇಳುತ್ತದೆ, ಹಾಗಾಗಿ ಜಗಳಕ್ಕೆ ದಾರಿಯಿಲ್ಲ. ಪಂಚರ್ ಆದರೆ ಬೆನ್ನ ಜೇಬಿನಲ್ಲಿ ಎಲ್ಲ ಇದೆ, ಯಾರ ಮುಂದೆಯೂ ನಿಲ್ಲಬೇಕಿಲ್ಲ. ನಿಂತರೂ, ಆ ತೆಳು ವಾಲ್‌ಗೆ ಹಳ್ಳಿಯ ಶಾಪಿನ ಪಂಪಿನ ಮೂತಿ ಕೂರುವುದಿಲ್ಲ. ಯಾರನ್ನೂ ಕೇಳದೆ ನೂರು ಮೈಲಿ ಹೋಗಬಲ್ಲವರು ಅವರು. ಇದು ಅವರ ಶಕ್ತಿ, ನನಗೆ ಸಂಕಟ.

ಬೆಂಚಿನ ಹರಟೆಯ ಕೊನೆಯ ವಾರಸುದಾರರು ನನಗೆ ಸಿಕ್ಕಿದ್ದು ಸರ್ಕಾರಿ ಶಾಲೆಗಳ ಮುಂದೆ. 2006-07ರಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ರಾಜ್ಯ ಸರ್ಕಾರ ಸೈಕಲ್ ಕೊಡತೊಡಗಿತು, ಮರುವರ್ಷ ಹುಡುಗರಿಗೂ ಬಂತು. ಬಂದ ಸೈಕಲ್ಲನ್ನು ಮತ್ತೊಮ್ಮೆ ಬಿಗಿ ಮಾಡಿಸಲು ಮಕ್ಕಳು ಶಾಪಿಗೆ ಬರುತ್ತಿದ್ದರು, ಮುಚ್ಚುವ ಹಂತದ ಎಷ್ಟೋ ಶಾಪುಗಳಿಗೆ ಜೀವ ಬಂತು. ಎಲ್ಲ ಒಂದೇ ಬಣ್ಣ, ಒಂದೇ ಆಕಾರ; ಶೆಡ್ಡಿನಲ್ಲಿ ನೂರಿದ್ದರೆ ನಿನ್ನದು ಯಾವುದು? ಒಬ್ಬಳು ಹ್ಯಾಂಡಲಿಗೆ ಜಡೆಯ ರಿಬ್ಬನ್ ಕಟ್ಟುವಳು, ಒಬ್ಬಳು ಕಡ್ಡಿಗೆ ಮಣಿ ಪೋಣಿಸುವಳು, ಇನ್ನೊಬ್ಬಳು ಬೆಲ್ಲಿನ ಸದ್ದಿನಿಂದಲೇ ಹೇಳುವಳು. ಯಾರ ಸೈಕಲ್ಲಿನ ಚೈನು ಯಾವ ತಿರುವಿನಲ್ಲಿ ಬೀಳುತ್ತದೆ, ಯಾವ ಊರಿನ ನಾಯಿ ಕೆಂಪು ರಿಬ್ಬನ್ ಕಂಡರೇ ಅಟ್ಟಿಸಿಕೊಂಡು ಬರುತ್ತದೆ, ಲಂಗ ಚಕ್ರಕ್ಕೆ ಸಿಗದ ಹಾಗೆ ಹೇಗೆ ಕಟ್ಟಬೇಕು. ಐದಾರು ಜನ ಹಳ್ಳಿಯಿಂದ ಸಾಲಾಗಿ ಬರುತ್ತ ಇದನ್ನೇ ಮಾತಾಡುತ್ತಿದ್ದರು. ಭಾಯ್ ಬದುಕಿದ್ದರೆ ಅವರಿಗೆ ಬೆಂಚು ಬಿಟ್ಟುಕೊಟ್ಟು ಎದ್ದು ನಿಲ್ಲುತ್ತಿದ್ದರು.

ಕೋವಿಡ್ ವರ್ಷಗಳಲ್ಲಿ ಆ ಸೈಕಲ್ ಹಂಚಿಕೆ ನಿಂತಿತು. ಶಾಲೆ ತೆರೆದರೂ ಶೆಡ್ಡು ತುಂಬಲಿಲ್ಲ. ದೂರದ ಹಳ್ಳಿಯ ಹುಡುಗಿ ಮತ್ತೆ ಬಸ್ಸಿನ ದಾರಿ ಕಾಯಬೇಕಾಯಿತು. ಹೈವೇ ಅಗಲ ಮಾಡಲು ದುಡ್ಡಿದೆ, ಅದರ ಅಂಚಿನಲ್ಲಿ ಎರಡು ಸೈಕಲ್ಲಿನಷ್ಟು ಜಾಗಕ್ಕೆ ಇಲ್ಲ ಅನ್ನುವುದನ್ನು ನಾನು ನಂಬುವುದಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಪ್ರತಿ ಜೂನಿನಲ್ಲೂ ಸೈಕಲ್ ಸಿಗಲಿ. ಇಬ್ಬರು ಪಕ್ಕಪಕ್ಕ ಮಾತಾಡಿಕೊಂಡು ತುಳಿಯುವಷ್ಟು ಅಗಲದ ದಾರಿಯನ್ನೂ ಅದರ ಜೊತೆಗೇ ಕೊಡಲಿ.